ದನ ನೋಡುವ ಕುದುರೆ

ನಾನು ಜೀವಮಾನದಲ್ಲಿ ಕುದುರೆ ಏರಿದವನಲ್ಲ. ಮೂವತ್ನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವಾಗ ಕುದುರೆಗಳ ವಿಷಯ ನೂರಾರು ಸಲ ಬಂದಿದೆ. ಅರಬ್ಬೀ ಕುದುರೆ, ವಿಜಯನಗರದ ಅಶ್ವದಳ, ಶಿವಾಜಿಯ ಬಾರಗೀರರು ಎಂದು ಕಪ್ಪುಹಲಗೆಯ ಮೇಲೆ ಬರೆದದ್ದೂ ಉಂಟು. ಆದರೆ ಕುದುರೆಯೆಂಬ ಪ್ರಾಣಿ ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡದ್ದು ನಿವೃತ್ತಿಯಾಗಿ ಎಂಟು ವರ್ಷಗಳ ಮೇಲೆ, 2012ರ ಚಳಿಗಾಲದಲ್ಲಿ, ಅದೂ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ.

ಆಗ ಮಗ ಸ್ಯಾನ್ ಆಂಟೋನಿಯೊ ನಗರದಲ್ಲಿದ್ದ. ಮನೆಯೊಳಗೆ ಕುಳಿತು ಬೇಸತ್ತ ನನ್ನನ್ನು ಒಂದು ಶನಿವಾರ ಕಾರಿನಲ್ಲಿ ದಕ್ಷಿಣಕ್ಕೆ, ಸುಮಾರು ಇನ್ನೂರ ನಲವತ್ತು ಕಿಲೋಮೀಟರ್ ದೂರದ ಕಿಂಗ್ಸ್‌ವಿಲ್ ಊರಿನ ಕಡೆಗೆ ಕರೆದೊಯ್ದ. ಅಲ್ಲಿ ಅವನ ಸಹೋದ್ಯೋಗಿಯೊಬ್ಬನ ಸೋದರಮಾವನದು ಒಂದು ಚಿಕ್ಕ ರ‍್ಯಾಂಚ್. ಚಿಕ್ಕದು ಎಂಬುದು ಅವರ ಮಾತು. ನಮ್ಮ ಲೆಕ್ಕದಲ್ಲಿ ಎರಡು ಹಳ್ಳಿಗಳ ಸೀಮೆ ಅದರೊಳಗೆ ಕೂಡುತ್ತಿತ್ತು. ಕುರುಚಲು ಗಿಡ, ಜಾಲಿಯ ಜಾತಿಯ ಮೆಸ್ಕೀಟ್ ಮರ, ಪಾಪಾಸುಕಳ್ಳಿ, ಒಣ ಹುಲ್ಲು. ಕಾರಿನಿಂದ ಇಳಿದಾಗ ನನಗೆ ಬಿಸಿಲುಕಾಲದ ಜಮಖಂಡಿ ತಾಲೂಕಿನಲ್ಲಿ ಇಳಿದಂತೆಯೇ ಆಯಿತು.

ಕಟ್ಟಿಗೆಯ ಬೇಲಿ ಹಾಕಿದ ಅಂಗಳದಲ್ಲಿ ಮೂವತ್ತು ನಲವತ್ತು ದನಗಳು ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು ಕೆಂಗಂದು ಬಣ್ಣದ ಎಳೆಯ ಕುದುರೆಯ ಮೇಲೆ ಕುಳಿತಿದ್ದರು. ಮೆಕ್ಸಿಕೊ ಮೂಲದವರು, ಹುಟ್ಟಿದ್ದು ಟೆಕ್ಸಾಸ್‌ನಲ್ಲೇ. ಕುದುರೆಗೆ ಮೂರು ವರ್ಷವಂತೆ. ನಿಂತಲ್ಲಿ ನಿಲ್ಲದು. ಕಿವಿ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ, ಕಾಲು ನೆಲ ಕೆರೆಯುತ್ತಿತ್ತು, ಗಾಳಿಗೆ ಹಾರಿದ ಒಂದು ಕಾಗದದ ಚೂರಿಗೂ ಬೆದರಿ ಪಕ್ಕಕ್ಕೆ ಜಿಗಿಯುತ್ತಿತ್ತು. ಇಂಥದನ್ನು ದನಗಳ ನಡುವೆ ಒಯ್ಯುವುದು ಹೇಗೆ ಎಂದು ನಾನು ಬೇಲಿ ಹಿಡಿದು ನಿಂತೆ.

ಅವರು ಮಾಡಿದ ಕೆಲಸಕ್ಕೆ ಅಲ್ಲಿಯವರು ‘ಕಟಿಂಗ್’ ಎನ್ನುತ್ತಾರೆ. ಹಿಂಡಿನಿಂದ ಬೇಕಾದ ಒಂದು ದನವನ್ನು ಬೇರ್ಪಡಿಸಿ ಹೊರಗೆ ತರುವುದು. ಮುದ್ರೆ ಹಾಕಲು, ಔಷಧ ಕೊಡಲು, ಮಾರಲು ಇದು ಬೇಕಾಗುತ್ತದೆ. ಕೇಳಲು ಸರಳ, ಆದರೆ ದನಕ್ಕೆ ಹಿಂಡೇ ತಾಯಿ. ಹೊರಗೆ ಬಂದ ಕ್ಷಣದಿಂದ ಅದು ತಿರುಗಿ ಒಳನುಗ್ಗಲು ಎಡಕ್ಕೆ ಬಲಕ್ಕೆ ಮಿಂಚಿನಂತೆ ಹೊರಳುತ್ತದೆ. ಕುದುರೆ ಅದರೆದುರು ತಲೆ ತಗ್ಗಿಸಿ, ಅದು ಹೊರಳುವ ಮೊದಲೇ ತಾನು ಹೊರಳಿ, ದಾರಿ ಕಟ್ಟಬೇಕು. ಸವಾರನು ಲಗಾಮಿನಿಂದ ಹೇಳುವಷ್ಟು ಹೊತ್ತು ಅಲ್ಲಿರುವುದಿಲ್ಲ. ಹಿಂಡಿನಿಂದ ದನವನ್ನು ಹೊರತರುವವರೆಗೆ ಸವಾರನ ಕೆಲಸ. ಅನಂತರ ಅವನು ಕೈ ಇಳಿಸಿ, ಲಗಾಮು ಸಡಿಲಬಿಟ್ಟು, ಜೀನಿನ ಕೊಂಬು ಹಿಡಿದು ಕುಳಿತುಕೊಳ್ಳುತ್ತಾನೆ. ಉಳಿದದ್ದು ಕುದುರೆಯ ಬುದ್ಧಿಗೆ ಬಿಟ್ಟದ್ದು. ಈ ಬುದ್ಧಿಯನ್ನು ಅವರು ‘ಕೌ ಸೆನ್ಸ್’ ಎಂದು ಕರೆಯುತ್ತಾರೆ. ದನದ ಮನಸ್ಸನ್ನು ಅರಿಯುವ ಶಕ್ತಿ ಎನ್ನಬಹುದು.

ಎಳೆಯ ಕುದುರೆ ಮೊದಲ ಸಲ ಆತುರಪಟ್ಟು ಮುಂದೆ ನುಗ್ಗಿತು. ದನ ಅದರ ಬಾಲದ ಹಿಂದಿನಿಂದ ನುಸುಳಿ ಹಿಂಡು ಸೇರಿತು. ಹಿರಿಯರು ಹೊಡೆಯಲಿಲ್ಲ, ಬೈಯಲಿಲ್ಲ. ಕುದುರೆಯನ್ನು ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿ, ಉಸಿರು ತಿರುಗಲು ಬಿಟ್ಟರು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಆ ಕುದುರೆ ದನದ ಕಣ್ಣನ್ನೇ ನೋಡುತ್ತ ಮುಂಗಾಲು ಮಡಿಸಿ ತಗ್ಗಿ ನಿಂತಿತು. ಗಾಳಿಯಲ್ಲಿ ಹಾರುವ ಕಾಗದ ಈಗ ಅದಕ್ಕೆ ಕಾಣುತ್ತಲೇ ಇರಲಿಲ್ಲ.

ಈ ಕಲೆಯ ಮೂಲ ಹುಡುಕುತ್ತ ಹೋದರೆ ನಾವು ಸ್ಪೇನ್ ದೇಶಕ್ಕೆ ಹೋಗಬೇಕು. ಅಮೆರಿಕ ಖಂಡದ ಪ್ರಾಚೀನ ಕುದುರೆಗಳು ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋಗಿದ್ದವು. ಕೊಲಂಬಸ್ 1493ರ ಎರಡನೆಯ ಯಾನದಲ್ಲಿ ಕುದುರೆ, ದನ ಎರಡನ್ನೂ ಹಡಗಿನಲ್ಲಿ ತಂದ. 1519ರಲ್ಲಿ ಕೊರ್ಟೆಸ್ ಮೆಕ್ಸಿಕೊ ತೀರಕ್ಕೆ ಇಳಿದಾಗ ಅವನೊಡನಿದ್ದ ಕುದುರೆಗಳು ಬರಿಯ ಹದಿನಾರು. (ಅದೇ ದಶಕದಲ್ಲಿ ನಮ್ಮ ಕೃಷ್ಣದೇವರಾಯನು ಗೋವೆಯ ಪೋರ್ಚುಗೀಸರಿಂದ ಕುದುರೆ ಕೊಳ್ಳುತ್ತಿದ್ದನೆಂಬುದನ್ನು ನಾನು ತರಗತಿಯಲ್ಲಿ ಜೊತೆಗಿಟ್ಟು ಹೇಳುತ್ತಿದ್ದೆ. ಮಕ್ಕಳಿಗೆ ಕಾಲದ ಅಂದಾಜು ಸಿಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚಲಿಲ್ಲ.) ಮೊದಮೊದಲು ಸ್ಥಳೀಯ ಜನ ಕುದುರೆ ಏರಬಾರದೆಂದು ಸ್ಪೇನಿನವರು ನಿಷೇಧ ಹೇರಿದ್ದರು. ಆದರೆ ದನ ಸಾವಿರ ಸಾವಿರವಾಗಿ ಬೆಳೆದಾಗ ಅವುಗಳ ಹಿಂದೆ ಓಡಲು ದೊರೆಗಳ ಮಕ್ಕಳು ಸಿದ್ಧರಿರಲಿಲ್ಲ. ಕೊನೆಗೆ ಜೀನಿನ ಮೇಲೆ ಕುಳಿತವರು ಸ್ಥಳೀಯರು, ಮಿಶ್ರ ರಕ್ತದವರು, ಗುಲಾಮರು. ದನಕ್ಕೆ ಸ್ಪ್ಯಾನಿಷ್‌ನಲ್ಲಿ ‘ವಾಕಾ’. ದನ ಕಾಯುವವನು ‘ವಕೇರೊ’. ನಮ್ಮ ಗೋವಳನೇ ಅವನು, ಕುದುರೆ ಏರಿದ ಗೋವಳ.

ಸಿನಿಮಾದಲ್ಲಿ ಕಾಣುವ ಕೌಬಾಯ್ ತನ್ನ ಕಸುಬಿನ ಮಾತುಗಳನ್ನೆಲ್ಲ ಈ ವಕೇರೊನಿಂದಲೇ ಪಡೆದ. ‘ಲಾ ರಿಯಾತಾ’ ಎಂಬ ಹಗ್ಗ ಇಂಗ್ಲಿಷಿನಲ್ಲಿ ಲ್ಯಾರಿಯಟ್ ಆಯಿತು, ‘ಮೆಸ್ತೆನ್ಯೊ’ ಎಂಬ ಒಡೆಯನಿಲ್ಲದ ಪ್ರಾಣಿ ಮಸ್ಟಾಂಗ್ ಆಯಿತು, ‘ವಕೇರೊ’ ಎಂಬುದೇ ಬಕರೂ ಆಯಿತು. ಪಡೆದವನ ಹೆಸರು ಜಗತ್ತಿಗೆಲ್ಲ ಗೊತ್ತು, ಕೊಟ್ಟವನದು ಗೊತ್ತಿಲ್ಲ. ಕೌಬಾಯ್‌ಗಳಲ್ಲಿ ನಾಲ್ವರಿಗೆ ಒಬ್ಬ ಕಪ್ಪು ಜನಾಂಗದವನಿದ್ದನೆಂದು ಇತಿಹಾಸಕಾರರ ಅಂದಾಜು. ಅದನ್ನೂ ಸಿನಿಮಾ ನಮಗೆ ಬಹುಕಾಲ ತೋರಿಸಲಿಲ್ಲ.

ಎಳೆಯ ಕುದುರೆಯನ್ನು ಪಳಗಿಸುವುದರಲ್ಲಿ ಎರಡು ಮಾರ್ಗಗಳಿದ್ದವು. ನನಗೆ ಈ ಇಡೀ ಇತಿಹಾಸದಲ್ಲಿ ಮುಖ್ಯವೆನಿಸಿದ್ದು ಇದೇ. ವಕೇರೊಗಳ ಹಳೆಯ ಪದ್ಧತಿ, ವಿಶೇಷವಾಗಿ ಕ್ಯಾಲಿಫೋರ್ನಿಯಾದಲ್ಲಿ ಉಳಿದುಬಂದದ್ದು, ಬಹು ನಿಧಾನದ್ದು. ಮರಿಯ ಬಾಯಿಗೆ ಕಬ್ಬಿಣದ ಕಡಿವಾಣ ಹಾಕುವುದೇ ಇಲ್ಲ. ಹೆಣೆದ ಚರ್ಮದ ಒಂದು ಪಟ್ಟಿಯನ್ನು ಮೂಗಿನ ಮೇಲೆ ಕಟ್ಟಿ, ಕುದುರೆಕೂದಲಿನ ಹಗ್ಗದಿಂದ ನಡೆಸುತ್ತಾರೆ. ಇದಕ್ಕೆ ‘ಹಾಕಿಮಾ’ ಎಂದು ಹೆಸರು. ಕಾರಣವೂ ಇದೆ: ಎರಡೂವರೆಯಿಂದ ನಾಲ್ಕೂವರೆ ವರ್ಷದೊಳಗೆ ಕುದುರೆಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಆ ಹೊತ್ತಿಗೆ ಬಾಯಿಗೆ ಕಬ್ಬಿಣ ತುರುಕಿದರೆ ನೋವಿಗೆ ಬಾಯಿ ಮರಗಟ್ಟುತ್ತದೆ, ಮನಸ್ಸೂ ಮರಗಟ್ಟುತ್ತದೆ. ಹಲ್ಲು ಕೂಡಿದ ಮೇಲೆ ಮೂಗಿನ ಪಟ್ಟಿ, ಕಡಿವಾಣ ಎರಡನ್ನೂ ಕೆಲಕಾಲ ಜೊತೆಗೆ ಹಾಕಿ, ಕೊನೆಗೆ ಕಡಿವಾಣವೊಂದನ್ನೇ ಉಳಿಸುತ್ತಾರೆ. ಇದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ. ಆಮೇಲೆ ಆ ಕುದುರೆಯನ್ನು ಕಿರುಬೆರಳಿನಿಂದ ತಿರುಗಿಸಬಹುದು.

ಇನ್ನೊಂದು ಮಾರ್ಗ ಅವಸರದ್ದು. 1865ರಲ್ಲಿ ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್‌ನ ಬಯಲುಗಳಲ್ಲಿ ಉದ್ದಕೊಂಬಿನ ದನಗಳು ಲಕ್ಷಗಟ್ಟಲೆ ಅಲೆಯುತ್ತಿದ್ದವು. ಅಲ್ಲಿ ಬೆಲೆಯಿಲ್ಲ, ಉತ್ತರದ ನಗರಗಳಲ್ಲಿ ಮಾಂಸಕ್ಕೆ ಒಳ್ಳೆಯ ಬೆಲೆ. 1867ರಲ್ಲಿ ಕಾನ್ಸಾಸ್‌ನ ಆ್ಯಬಿಲೀನ್ ಊರಿನಲ್ಲಿ ರೈಲು ನಿಲ್ದಾಣದ ಬಳಿ ದನದ ಸಂತೆ ತೆರೆದ ಮೇಲೆ, ಎರಡು ದಶಕಗಳ ಕಾಲ, ತಿಂಗಳುಗಟ್ಟಲೆ ನಡೆಸಿಕೊಂಡು ದನಗಳನ್ನು ಉತ್ತರಕ್ಕೆ ಒಯ್ಯುತ್ತಿದ್ದರು. ಎರಡು ಎರಡೂವರೆ ಸಾವಿರದ ಹಿಂಡಿಗೆ ಹತ್ತು ಹನ್ನೆರಡು ಜನ. ಒಬ್ಬೊಬ್ಬನಿಗೆ ಆರೇಳು ಕುದುರೆ. ಇಷ್ಟೊಂದು ಕುದುರೆಗಳಿಗೆ ಐದು ವರ್ಷದ ಪಾಠ ಯಾರು ಕೊಟ್ಟಾರು? ಬಯಲಿನಲ್ಲಿ ಸ್ವಚ್ಛಂದವಾಗಿ ಬೆಳೆದ ನಾಲ್ಕು ವರ್ಷದ ಕುದುರೆಯನ್ನು ಕುಣಿಕೆ ಎಸೆದು ಬೀಳಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಜೀನು ಬಿಗಿದು, ಅದು ಜಿಗಿದು ಜಿಗಿದು ಸೋಲುವವರೆಗೆ ಮೇಲೆ ಕುಳಿತಿರುವುದು. ತಲೆಗೆ ಇಷ್ಟು ಡಾಲರ್ ಎಂದು ಗುತ್ತಿಗೆ ಹಿಡಿದು ಊರೂರು ತಿರುಗುವ ಸವಾರರಿದ್ದರು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಕುದುರೆಯನ್ನು ‘ಮುರಿಯುವುದು’ ಎಂದೇ ಹೇಳುತ್ತಾರೆ.

ನಮ್ಮಲ್ಲಿ ಈ ಮಾತಿಲ್ಲ. ಹೋರಿಯನ್ನು ನಾವು ಪಳಗಿಸುತ್ತೇವೆ, ರೂಢಿ ಮಾಡುತ್ತೇವೆ. ನನ್ನ ತಂದೆ ಎಳೆಯ ಹೋರಿಗೆ ಮೂಗುದಾರ ಹಾಕಿದ ಮೇಲೆ ತಿಂಗಳುಗಟ್ಟಲೆ ಅದನ್ನು ಮುದಿ ಎತ್ತಿನ ಜೊತೆ ಖಾಲಿ ನೊಗಕ್ಕೆ ಕಟ್ಟಿ ಹೊಲದ ಬದುವಿನ ಮೇಲೆ ನಡೆಸುತ್ತಿದ್ದರು. “ಅದಕ್ಕ ನಾ ಏನ್ ಕಲಸ್ಲಿ? ಮುದಿ ಎತ್ತು ಕಲಸ್ತದ” ಎನ್ನುತ್ತಿದ್ದರು. ಹಾಗೆಂದು ನಮ್ಮವರು ಬಾರುಕೋಲು ಬೀಸಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಕಿಂಗ್ಸ್‌ವಿಲ್‌ನ ಹೆಸರಿಗೆ ಕಾರಣವಾದ ಕಿಂಗ್ ರ‍್ಯಾಂಚ್‌ನ ಚರಿತ್ರೆಯನ್ನು ನಾನು ಆ ಪ್ರವಾಸದ ನಂತರ ಓದಿಕೊಂಡೆ. ರಿಚರ್ಡ್ ಕಿಂಗ್ ನದಿಯಲ್ಲಿ ಉಗಿದೋಣಿ ನಡೆಸುತ್ತಿದ್ದ ಕಪ್ತಾನ. 1853ರಲ್ಲಿ ಹಳೆಯ ಉಂಬಳಿಯ 15,500 ಎಕರೆ ಭೂಮಿಯನ್ನು 300 ಡಾಲರಿಗೆ, ಅಂದರೆ ಎಕರೆಗೆ ಎರಡು ಸೆಂಟಿಗಿಂತ ಕಡಿಮೆಗೆ, ಕೊಂಡ. 1848ರಲ್ಲಿ ಯುದ್ಧ ಸೋತ ಮೆಕ್ಸಿಕೊ ಆ ನಾಡಿನ ಮೇಲಿನ ಹಕ್ಕು ಬಿಟ್ಟುಕೊಟ್ಟಿತ್ತು, ಹಳೆಯ ಭೂಮಾಲೀಕರ ಕೈ ಸಡಿಲವಾಗಿತ್ತು. ಅಗ್ಗಕ್ಕೆ ಕಾರಣ ಅದು. ಮರುವರ್ಷ ಕಿಂಗ್ ದನ ಕೊಳ್ಳಲು ಮೆಕ್ಸಿಕೊದ ಕ್ರೂಯಾಸ್ ಎಂಬ ಹಳ್ಳಿಗೆ ಹೋದ. ಅಲ್ಲಿ ಬರಗಾಲ. ಹಳ್ಳಿಯ ದನಗಳನ್ನೆಲ್ಲ ಕೊಂಡು ಹೊರಟವನಿಗೆ ದಾರಿಯಲ್ಲಿ, ದನ ಮಾರಿದ ಈ ಜನ ಮುಂದೇನು ಉಣ್ಣುತ್ತಾರೆಂದು ಅನ್ನಿಸಿತಂತೆ. ತಿರುಗಿ ಹೋಗಿ, ನನ್ನೊಡನೆ ಬಂದರೆ ಊಟ, ಮನೆ, ಕೂಲಿ ಕೊಡುತ್ತೇನೆಂದ. ನೂರಕ್ಕೂ ಹೆಚ್ಚು ಜನ ಗಾಡಿ ಕಟ್ಟಿಕೊಂಡು ಹೊರಟರೆಂದು ಹೇಳುತ್ತಾರೆ. ಅವರ ಸಂತತಿಗೆ ‘ಕಿನೇನ್ಯೊ’ ಎಂದು ಹೆಸರು ಬಿತ್ತು, ಕಿಂಗ್‌ನ ಜನ ಎಂದರ್ಥ. ಇದರಲ್ಲಿ ಕರುಣೆ ಎಷ್ಟು, ಕುಶಲ ಕೆಲಸಗಾರರ ಅಗತ್ಯ ಎಷ್ಟು ಎಂದು ನಾನು ತೂಗಲಾರೆ. ಎರಡೂ ಇದ್ದಿರಬೇಕು. 1925ರಲ್ಲಿ ಕಿಂಗ್‌ನ ವಿಧವೆ ಹೆನ್ರಿಯೆಟಾ ತೀರಿಕೊಂಡಾಗ ಸುಮಾರು ಇನ್ನೂರು ಕಿನೇನ್ಯೊಗಳು ರ‍್ಯಾಂಚ್‌ನ ಕುದುರೆಗಳ ಮೇಲೆ ಬಂದು, ಒಬ್ಬೊಬ್ಬರಾಗಿ ಆಕೆಯ ತೆರೆದ ಗೋರಿಯನ್ನು ಒಂದು ಸುತ್ತು ಹಾಕಿ ಹೋದರಂತೆ.

ಅದೇ ರ‍್ಯಾಂಚ್‌ನಲ್ಲಿ 1915ರಲ್ಲಿ ಹುಟ್ಟಿದ ‘ಓಲ್ಡ್ ಸಾರೆಲ್’ ಎಂಬ ಕೆಂಗಂದು ಕುದುರೆಯೊಂದಿತ್ತು. ಜಾರ್ಜ್ ಕ್ಲೆಗ್ ಎಂಬವರಿಂದ ಮರಿಯಾಗಿದ್ದಾಗಲೇ ಕೊಂಡದ್ದು. ಆಗ ರ‍್ಯಾಂಚ್ ನಡೆಸುತ್ತಿದ್ದ ರಾಬರ್ಟ್ ಕ್ಲೇಬರ್ಗ್, ದನದ ಕೆಲಸಕ್ಕೆ ಇಂಥ ಕುದುರೆ ಇನ್ನೊಂದಿಲ್ಲವೆಂದು ಬಗೆದು ಅದರ ವಂಶವನ್ನೇ ಬೆಳೆಸಿದ. ಅದರ ಮೊಮ್ಮಗ ‘ವಿಂಪಿ’ 1941ರ ಫೋರ್ಟ್ ವರ್ತ್ ಪ್ರದರ್ಶನದಲ್ಲಿ ಗೆದ್ದು, ಕ್ವಾರ್ಟರ್ ಹಾರ್ಸ್ ತಳಿಯ ವಂಶಾವಳಿ ಪುಸ್ತಕದಲ್ಲಿ ಒಂದನೆಯ ಸಂಖ್ಯೆ ಪಡೆಯಿತು. ಮುಂದೆ ಇದೇ ರ‍್ಯಾಂಚ್‌ನ ‘ಪೆಪಿ ಸ್ಯಾನ್ ಬ್ಯಾಜರ್’ 1977ರಲ್ಲಿ, ತನ್ನ ಮೂರನೆಯ ವಯಸ್ಸಿನಲ್ಲಿ, ಬಸ್ಟರ್ ವೆಲ್ಚ್ ಎಂಬ ಸವಾರನ ಕೆಳಗೆ, ಎಳೆಯ ಕಟಿಂಗ್ ಕುದುರೆಗಳ ಅತಿ ದೊಡ್ಡ ಸ್ಪರ್ಧೆ ಗೆದ್ದಿತು. ಅಲ್ಲಿ ಪ್ರತಿ ಕುದುರೆಗೂ ಸಿಗುವುದು ಎರಡೂವರೆ ನಿಮಿಷ.

ಈ ವಂಶಾವಳಿಗಳನ್ನು ಓದುವಾಗ ಒಂದು ಸಂಗತಿ ನನ್ನನ್ನು ಕಾಡಿತು. ಕುದುರೆಯ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರ ಹೆಸರೂ ಅಲ್ಲಿವೆ, ಮೊದಲ ಸಲ ಅದರ ಮೇಲೆ ಜೀನು ಹಾಕಿದವನ ಹೆಸರಿಲ್ಲ. ಹೆಸರು ಉಳಿದವರಲ್ಲಿ ಒಬ್ಬರು ರ‍್ಯಾಂಚ್‌ನ ಒಂದು ವಿಭಾಗದ ಮೇಸ್ತ್ರಿಯಾಗಿದ್ದ ಲಾವ್ರೊ ಕವಾಸೋಸ್. ಅವರ ಒಬ್ಬ ಮಗ ರಿಚರ್ಡ್, ಅಮೆರಿಕದ ಸೇನೆಯಲ್ಲಿ ನಾಲ್ಕು ನಕ್ಷತ್ರದ ಜನರಲ್ ಆದ ಮೊದಲ ಹಿಸ್ಪಾನಿಕ್ ವ್ಯಕ್ತಿ. ತಂದೆಯ ಹೆಸರನ್ನೇ ಹೊತ್ತ ಇನ್ನೊಬ್ಬ ಮಗ, 1927ರಲ್ಲಿ ರ‍್ಯಾಂಚ್‌ನಲ್ಲಿಯೇ ಹುಟ್ಟಿದವರು, 1988ರಲ್ಲಿ ಇಡೀ ದೇಶದ ಶಿಕ್ಷಣ ಮಂತ್ರಿಯಾದರು. ಮಾಸ್ತರನಾದ ನಾನು ಈ ಸಾಲನ್ನು ಎರಡು ಸಲ ಓದಿದೆ.

ದನಗಳ ಮಾತಿಗೆ ಬರುತ್ತೇನೆ. ಆ ದಿನ ಅಂಗಳದಲ್ಲಿದ್ದ ದನಗಳಿಗೆ ಹಿಣಿಲಿತ್ತು, ಕೊರಳಡಿಯಲ್ಲಿ ಗಂಗೆದೊಗಲು ಜೋಲುತ್ತಿತ್ತು. ಏಳು ಸಮುದ್ರದಾಚೆ ಈ ಮುಖ ಎಲ್ಲಿಂದ ಬಂತು ಎಂದು ನಾನು ಬೆರಗಾದೆ. ಟೆಕ್ಸಾಸ್‌ನಲ್ಲಿ ದನಗಳನ್ನು ಕೊಲ್ಲುತ್ತಿದ್ದ ಜ್ವರವನ್ನು ಉಣ್ಣೆಹುಳು ಹರಡುತ್ತದೆಂದು 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟರು. ಭಾರತದ ಹಿಣಿಲಿನ ದನಗಳು ಆ ಹುಳುವನ್ನೂ ಬಿಸಿಲನ್ನೂ ತಡೆದುಕೊಳ್ಳುತ್ತವೆಂದು ತಿಳಿದು, 1906ರಲ್ಲಿ ಬೋರ್ಡನ್ ಎಂಬ ರ‍್ಯಾಂಚ್ ವ್ಯವಸ್ಥಾಪಕ ನಮ್ಮ ದೇಶದಿಂದ ಹೋರಿಗಳನ್ನು ಕೊಂಡೊಯ್ದ. ಅಮೆರಿಕದವರು ‘ಬ್ರಾಹ್ಮನ್’ ಎಂದು ಕರೆಯುವ ತಳಿ ಹೀಗೆ ಬೆಳೆಯಿತು. ಅದರಲ್ಲಿ ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಓಂಗೋಲು ರಕ್ತವೇ ಹೆಚ್ಚು. ಆದರೆ ನಾಲ್ಕನೆಯ ಹೆಸರೊಂದನ್ನು ಅವರ ಪುಸ್ತಕಗಳೇ ಹೇಳುತ್ತವೆ: ಕೃಷ್ಣಾ ವ್ಯಾಲಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಎರೆ ಹೊಲಗಳಲ್ಲಿ ಹತ್ತು ಮಂದಿಯ ಬಲದಿಂದ ಎಳೆಯುತ್ತಿದ್ದ ನಮ್ಮ ಬಿಳಿಯ ಎತ್ತು! ನನ್ನ ತಂದೆಯ ಹತ್ತಿರ ಇದ್ದ ಜೋಡಿಯೂ ಅದೇ. ಇಂದು ನಮ್ಮಲ್ಲಿ ಈ ತಳಿ ಹುಡುಕಿದರೆ ಸಿಗುವಷ್ಟು ವಿರಳವಾಗಿದೆ. ಕಿಂಗ್ ರ‍್ಯಾಂಚ್‌ನವರು ಬ್ರಾಹ್ಮನ್ ರಕ್ತವನ್ನು ಶಾರ್ಟ್‌ಹಾರ್ನ್ ದನದೊಡನೆ ಬೆರೆಸಿ ‘ಸಾಂತಾ ಗೆರ್ತ್ರುದಿಸ್’ ಎಂಬ ಕೆಂಪು ತಳಿಯನ್ನು ಮಾಡಿದರು. 1940ರಲ್ಲಿ ಸರಕಾರದ ಮನ್ನಣೆ ಸಿಕ್ಕಿತು. ಹಿಣಿಲಿನ ದನ ಚುರುಕು, ಸಂಶಯದ ಸ್ವಭಾವದ್ದು, ಒರಟುತನಕ್ಕೆ ಸಿಡಿದೇಳುವಂಥದು. ಇದರೆದುರು ದಡ್ಡ ಕುದುರೆ ನಿಲ್ಲದೆಂದು ಆ ಹಿರಿಯರು ನಗುತ್ತ ಹೇಳಿದರು.

ಮಧ್ಯಾಹ್ನ ಮರದ ನೆರಳಿನಲ್ಲಿ ಅವರೊಡನೆ ಕುಳಿತಾಗ ನಾನು ಮಾಸ್ತರನೆಂದು ಮಗ ಪರಿಚಯಿಸಿದ. “ಆಹಾ, ಮಾಯೆಸ್ತ್ರೊ!” ಎಂದು ಅವರು ಎದ್ದು ಟೋಪಿ ತೆಗೆದರು. ನಮ್ಮ ‘ಮಾಸ್ತರ’ ಅವರ ಭಾಷೆಯಲ್ಲಿಯೂ ಮಾಸ್ತರನೇ. ನಾನು ಕೇಳಿದೆ: ಕುದುರೆ ಎರಡು ಸಲ ತಪ್ಪಿದರೂ ನೀವು ಒಂದೇಟೂ ಹಾಕಲಿಲ್ಲವಲ್ಲ, ಯಾಕೆ? ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದನ್ನು ಮಗ ಕನ್ನಡಕ್ಕೆ ತಿರುಗಿಸಿದ. “ಹೊಡೆದರೆ ಕೇಳುತ್ತದೆ. ಹೇಳಿದ್ದನ್ನೆಲ್ಲ ಮಾಡುತ್ತದೆ. ಆದರೆ ಅಂದಿನಿಂದ ಅದು ದನವನ್ನು ನೋಡುವುದಿಲ್ಲ, ನನ್ನನ್ನೇ ನೋಡುತ್ತದೆ.”

ನನಗೆ ಕಾಫಿಯ ಲೋಟ ಕೆಳಗಿಡಬೇಕಾಯಿತು.

1979ರಲ್ಲಿ ಎಂಟನೆಯ ತರಗತಿಯಲ್ಲಿ ನನಗೊಬ್ಬ ಹುಡುಗನಿದ್ದ. ರೈತರ ಮಗ. ಬೆಳಿಗ್ಗೆ ದನಗಳಿಗೆ ನೀರು ಕುಡಿಸಿ ಬರುವುದರಿಂದ ದಿನವೂ ತಡ. ಕುಳಿತಲ್ಲಿ ಕುಳ್ಳಿರಲಾರ. ಕಿಟಕಿಯಾಚೆ ಗಾಡಿ ಹೋದರೆ ಗೆಜ್ಜೆಯ ಸಪ್ಪಳದಿಂದಲೇ ಯಾರ ಎತ್ತೆಂದು ಹೇಳುತ್ತಿದ್ದ. ಒಂದು ದಿನ ನಾನು ಮೂರನೆಯ ಪಾಣಿಪತ್ ಯುದ್ಧದ ಪಾಠ ಮಾಡುತ್ತಿದ್ದೆ. 1761, ಜನವರಿ 14, ಸದಾಶಿವರಾವ್ ಭಾವು, ಅಹಮದ್ ಶಾ ಅಬ್ದಾಲಿ. ಹುಡುಗ ಎದ್ದು ನಿಂತು, “ಸರ, ಅಷ್ಟೂ ಕುದರಿಗೋಳ್ಗೆ ಮೇವು ಎಲ್ಲಿಂದ ತಂದ್ರೀ?” ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನ್ನನ್ನು ಹಾಸ್ಯ ಮಾಡುತ್ತಿದ್ದಾನೆಂದು ತಿಳಿದು, ಕರೆದು ನಿಲ್ಲಿಸಿ, ಬೆತ್ತದಿಂದ ಹೊಡೆದೆ. ಎಷ್ಟು ಏಟು ಎಂಬುದು ನನಗೆ ನೆನಪಿದೆ, ಬರೆಯಲಾರೆ.

ಅಂದಿನಿಂದ ಅವನು ಸುಮ್ಮನಾದ. ಕಿಟಕಿಯ ಕಡೆ ನೋಡುವುದನ್ನು ಬಿಟ್ಟ, ನನ್ನನ್ನೇ ನೋಡುತ್ತ ಕೂರುತ್ತಿದ್ದ. ಹುಡುಗ ಸುಧಾರಿಸಿದನೆಂದು ಶಿಕ್ಷಕರ ಕೋಣೆಯಲ್ಲಿ ನಾನು ಹೆಮ್ಮೆಯಿಂದ ಹೇಳಿಕೊಂಡೆ. ವರ್ಷದ ಕೊನೆಗೆ ‘ನಡತೆ ಉತ್ತಮ’ ಎಂದು ಬರೆದೆ. ಮುಂದಿನ ಜೂನ್‌ನಲ್ಲಿ ಅವನು ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಪಾಣಿಪತ್ತಿನ ಬಗ್ಗೆ ವಿಸ್ತಾರವಾಗಿ ಓದಿದಾಗ ತಿಳಿಯಿತು: ಅಬ್ದಾಲಿ ಮರಾಠರ ಪಾಳೆಯಕ್ಕೆ ಬರುವ ದಾರಿಗಳನ್ನೆಲ್ಲ ಕಡಿದುಹಾಕಿದ್ದ. ವಾರಗಟ್ಟಲೆ ದವಸವಿಲ್ಲ, ಮೇವಿಲ್ಲ. ಕುದುರೆಗಳು ನಿಂತಲ್ಲಿಯೇ ಹಸಿದು ಸತ್ತವು. ಹೊಟ್ಟೆಗಿಲ್ಲದ ಸೈನ್ಯ, ಸಾಯುವುದಾದರೆ ಕಾದಾಡಿ ಸಾಯೋಣವೆಂದು ಹೊರಬಿದ್ದ ದಿನವೇ ಜನವರಿ 14. ನಾನು ಕಪ್ಪುಹಲಗೆಯ ಮೇಲೆ ಬರೆದ ಹೆಸರುಗಳೆಲ್ಲ ಸರಿಯಾಗಿದ್ದವು. ಕೇಳಬೇಕಾದ ಪ್ರಶ್ನೆಯನ್ನು ಆ ಕೋಣೆಯಲ್ಲಿ ಕೇಳಿದವನು ಅವನೊಬ್ಬನೇ.

ಟೆಕ್ಸಾಸ್‌ನಿಂದ ಬಂದ ಎರಡು ವರ್ಷಕ್ಕೆ, 2014ರಲ್ಲಿ, ನಮ್ಮ ಭಾಗದ ದನದ ಸಂತೆಯಲ್ಲಿ ಅವನು ಸಿಕ್ಕ. ತಲೆ ನರೆತಿತ್ತು. ಕೈಯಲ್ಲಿ ಒಂದು ಜೋಡಿ ಹೋರಿಗಳ ಹಗ್ಗ. ಗುರುತು ಹಿಡಿದು ಬಾಗಿ ಕಾಲು ಮುಟ್ಟಿದ. “ಆರಾಮ ಅದೀರೇನ್ರೀ ಸರ?” ಎಂದ. ಚಹಾದ ಅಂಗಡಿಯ ಮುಂದೆ ನಿಂತು ನಾನು ಪಾಣಿಪತ್ತಿನ ಮಾತೆತ್ತಿದೆ. ಅವತ್ತು ನೀನು ಕೇಳಿದ್ದೇ ಸರಿಯಿತ್ತು, ಹೊಡೆದದ್ದು ನನ್ನ ತಪ್ಪು ಎಂದೆ. ಅವನಿಗೆ ಮುಜುಗರವಾಯಿತು. “ಏ, ಬಿಡ್ರೀ ಸರ, ಯಾವ ಕಾಲದ್ದು” ಎಂದು ಹೋರಿಯ ಬೆನ್ನು ಸವರಿದ. ಸ್ವಲ್ಪ ತಡೆದು, “ಹಂಗಾದ್ರ ಮೇವು ಇರಲೇ ಇಲ್ಲೇನ್ರೀ?” ಎಂದು ಕೇಳಿದ.

ಇರಲಿಲ್ಲವೆಂದೆ. ಮಾತು ಬದಲಿಸಲು ಟೆಕ್ಸಾಸ್‌ನಲ್ಲಿ ಕಂಡ ಹಿಣಿಲಿನ ದನಗಳ ಸುದ್ದಿ, ಆ ಎಳೆಯ ಕುದುರೆಯ ಸುದ್ದಿ ಹೇಳಿದೆ. ನಮ್ಮ ಕೃಷ್ಣೆಯ ದನದ ರಕ್ತ ಅಲ್ಲಿದೆ ಎಂದಾಗ ಅವನ ಮುಖ ಅರಳಿತು. ಒಡನೆಯೇ ಕೇಳಿದ: “ಅಲ್ಲಿ ಬರ ಬಿದ್ರ ಅವಕ್ಕ ಏನ್ ಹಾಕ್ತಾರ್ರೀ?”

ಅದೃಷ್ಟಕ್ಕೆ ಅದು ನನಗೆ ಗೊತ್ತಿತ್ತು. ಪಾಪಾಸುಕಳ್ಳಿಯ ಮುಳ್ಳನ್ನು ಬೆಂಕಿಯ ಕೊಳವೆಯಿಂದ ಸುಟ್ಟು, ಅದರ ಎಲೆಯನ್ನೇ ತಿನ್ನಿಸುತ್ತಾರೆಂದು ಹೇಳಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ರಸ್ತೆಯಾಚೆಯ ಒಡ್ಡಿನ ಮೇಲೆ ಬೆಳೆದ ಕಳ್ಳಿಯ ಪೊದೆಯನ್ನೇ ನೋಡುತ್ತಿದ್ದ.